ಎರಡು ಗೆರೆಗಳ ನಡುವೆ

ಬೆಟ್ಟದ ಹೆಸರು ಹೇಳುವುದಿಲ್ಲ. ಗುಟ್ಟು ಮಾಡಬೇಕು ಅಂತಲ್ಲ. ದಾರಿ ಇಲ್ಲದ ಜಾಗಕ್ಕೆ ಹತ್ತು ಜನ ಒಂದೇ ಸಾಲಿನಲ್ಲಿ ಹೋದರೆ ಅಲ್ಲೊಂದು ದಾರಿ ಬೀಳುತ್ತದೆ. ಆಮೇಲೆ ಅಲ್ಲಿಗೆ ಹೋಗುವ ಕಾರಣವೇ ಇರುವುದಿಲ್ಲ. ಉತ್ತರ ಗೋಳಾರ್ಧದ ಒಂದು ಬೆಟ್ಟಸಾಲು, ಅಕ್ಟೋಬರ್ ಕೊನೆಯ ವಾರ, ನಾನು ಮತ್ತು ನನ್ನ ಗೆಳೆಯ. ಇಷ್ಟು ಸಾಕು.

ನಾವಿಬ್ಬರೂ ಜೊತೆಗೆ ಬೆಟ್ಟ ಹತ್ತಲು ಶುರುಮಾಡಿ ತುಂಬ ವರ್ಷಗಳಾದವು. ಅವನು ನಿಧಾನಿ, ನಾನು ಆತುರಗಾರ. ದಾರಿ ಆರಿಸುವ ಕೆಲಸ ಯಾವಾಗಲೂ ನನ್ನದೇ. ಮ್ಯಾಪ್ ಹರಡಿಕೊಂಡು ಕೂತರೆ ನನಗೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ. ಈ ಸಲದ್ದು ನಾಲ್ಕು ದಿನದ ಸುತ್ತು. ಮೊದಲ ದಿನ ಕಾಲುದಾರಿ ಮುಗಿಯುವವರೆಗೆ ನಡೆಯುವುದು. ಎರಡನೇ ದಿನ ಎರಡು ಶಿಖರಗಳ ನಡುವಿನ ತಗ್ಗು ದಾಟಿ ಒಳಗಿನ ಕಣಿವೆಗೆ ಇಳಿಯುವುದು. ಮೂರನೇ ದಿನ ಆ ಕಣಿವೆಯ ಪಶ್ಚಿಮಕ್ಕಿರುವ ಬೆಟ್ಟದ ಬೆನ್ನೇರಿ, ಒಂದು ಕೊರಕಲಿನಲ್ಲಿ ಆಚೆ ಇಳಿದು, ಇನ್ನೊಂದು ಕಾಲುದಾರಿ ಸೇರುವುದು. ನಾಲ್ಕನೇ ದಿನ ಆರಾಮವಾಗಿ ಕಾರಿಗೆ ವಾಪಸ್. ಮ್ಯಾಪಿನ ಮೇಲೆ ಬಳೆಯ ಹಾಗೆ ಚೆಂದ ಕಾಣುತ್ತಿತ್ತು.

ಉಪಗ್ರಹ ಚಿತ್ರಗಳನ್ನೂ ನೋಡಿದ್ದೆ. ಆ ಕೊರಕಲಿನ ಅರ್ಧದಲ್ಲಿ ಅಡ್ಡಡ್ಡ ಒಂದು ಕಪ್ಪು ಪಟ್ಟಿ ಇತ್ತು. ಬಿಸಿಲು ಬೀಳದ ಬದಿ, ನೆರಳಿರಬೇಕು ಬಿಡು ಅಂದುಕೊಂಡು ಮುಂದೆ ಹೋದೆ. ಗೆಳೆಯನಿಗೆ ಅದನ್ನು ಹೇಳಲೂ ಇಲ್ಲ.

ಮೊದಲ ದಿನ

ಕಾರು ನಿಲ್ಲಿಸಿದ್ದು 1900 ಮೀಟರ್ ಎತ್ತರದಲ್ಲಿ. ಅಷ್ಟು ದೊಡ್ಡ ಜಾಗದಲ್ಲಿ ನಮ್ಮದೊಂದೇ ಕಾರು. ಬೇಸಿಗೆಯಲ್ಲಿ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಶರತ್ಕಾಲದ ಕೊನೆಗೆ ಬರುವುದರಲ್ಲಿ ಇದೇ ಸುಖ. ಜನ ಇಲ್ಲ, ಸೊಳ್ಳೆ ಇಲ್ಲ, ಹಳ್ಳಗಳು ಇಳಿದಿರುತ್ತವೆ, ಬೂಟು ನೆನೆಸದೆ ದಾಟಬಹುದು. ಅದಕ್ಕೆ ಬದಲಾಗಿ ಹಗಲು ಚಿಕ್ಕದು. ಕೈಯಲ್ಲಿರುವುದು ಹತ್ತು ಗಂಟೆಯ ಬೆಳಕು, ಅಷ್ಟೇ.

ದಾರಿ ಲಾರ್ಚ್ ಮರಗಳ ನಡುವೆ ಹೋಗುತ್ತದೆ. ಪೈನ್ ಜಾತಿಗೆ ಹತ್ತಿರದ ಮರ ಇದು. ಆದರೆ ಪೈನಿನ ಹಾಗೆ ವರ್ಷವಿಡೀ ಹಸಿರಾಗಿರುವುದಿಲ್ಲ. ಚಳಿಗಾಲಕ್ಕೆ ಮುಂಚೆ ಸೂಜಿ ಎಲೆಗಳೆಲ್ಲ ಹಳದಿಯಾಗಿ ಉದುರುತ್ತವೆ. ನಾವು ಹೋಗುವಷ್ಟರಲ್ಲಿ ಮುಕ್ಕಾಲು ಉದುರಿತ್ತು. ಗಾಳಿ ಬಂದಾಗಲೆಲ್ಲ ಉಳಿದದ್ದು ಸಣ್ಣ ಮಳೆಯ ಹಾಗೆ ಸುರಿಯುತ್ತಿತ್ತು. ಕಾಲರಿನೊಳಗೆ, ಕಿವಿಯೊಳಗೆ, ನೀರಿನ ಬಾಟಲಿಯೊಳಗೆ ಎಲ್ಲ ಕಡೆ ಅದೇ.

ಮಧ್ಯಾಹ್ನ ಮೂರರ ಹೊತ್ತಿಗೆ 2450 ಮೀಟರಿನ ಸರೋವರ ಮುಟ್ಟಿದೆವು. ಕಾಲುದಾರಿ ಅಲ್ಲಿಗೆ ಮುಗಿಯಿತು. ನೀರಿನಿಂದ ಎಪ್ಪತ್ತು ಹೆಜ್ಜೆ ದೂರದಲ್ಲಿ, ಹುಲ್ಲು ಬಿಟ್ಟು ಬರೀ ಮಣ್ಣಿರುವ ಕಡೆ ಟೆಂಟ್ ಹೊಡೆದೆವು. ಐದೂವರೆಗೆ ಕತ್ತಲು. ಆರು ಗಂಟೆಗೆ ಸ್ಲೀಪಿಂಗ್ ಬ್ಯಾಗ್ ಒಳಗೆ. ಹದಿಮೂರು ಗಂಟೆ ಮಲಗುವುದು ಹೇಗೆ ಅಂತ ಇಬ್ಬರಿಗೂ ಚಿಂತೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಈ ಕಾಲದ ಚಾರಣದಲ್ಲಿ ನಡೆಯುವುದಕ್ಕಿಂತ ಮಲಗಿರುವುದೇ ಜಾಸ್ತಿ.

ಎರಡನೇ ದಿನ

ಬೆಳಿಗ್ಗೆ ಟೆಂಟಿನ ಒಳಮೈಯೆಲ್ಲ ಬೆಳ್ಳಗೆ. ನಮ್ಮ ಉಸಿರೇ ಹೆಪ್ಪುಗಟ್ಟಿ ಕೂತಿತ್ತು. ಸ್ವಲ್ಪ ತಾಗಿದರೂ ಮುಖದ ಮೇಲೆ ಉದುರುತ್ತಿತ್ತು.

ಹೊರಗೆ ನೆಲ ತುಳಿದರೆ ಹಪ್ಪಳ ಮುರಿದ ಸದ್ದು. ಬಗ್ಗಿ ನೋಡಿದೆ. ಮಣ್ಣಿನೊಳಗಿನ ತೇವ ರಾತ್ರಿ ಮೇಲಕ್ಕೆ ಸೆಳೆದು ಬಂದು ಮಂಜುಗಡ್ಡೆಯ ಕಡ್ಡಿಗಳಾಗಿ ನಿಂತಿತ್ತು. ಬೆರಳಿನ ಒಂದು ಗಿಣ್ಣಿನಷ್ಟು ಎತ್ತರ. ಸಾವಿರಾರು ಕಡ್ಡಿ, ಒಂದಕ್ಕೊಂದು ಅಂಟಿಕೊಂಡು. ಒಂದೊಂದು ಗೊಂಚಲಿನ ತಲೆಯ ಮೇಲೂ ಒಂದು ಚಿಟಿಕೆ ಮಣ್ಣು, ಒಂದು ಸಣ್ಣ ಕಲ್ಲು. ಟೋಪಿ ಹಾಕಿಕೊಂಡ ಹಾಗೆ. ಬಿಸಿಲು ಬಂದ ಮೇಲೆ ಕಡ್ಡಿ ಕರಗುತ್ತದೆ, ಕಲ್ಲು ಸ್ವಲ್ಪ ಕೆಳಗೆ ಜಾರಿ ಕೂರುತ್ತದೆ. ಪ್ರತಿ ರಾತ್ರಿ ಹೀಗೇ. ಬೆಟ್ಟ ಇಳಿಯುವುದು ಹೀಗೂ ಉಂಟು.

ಇನ್ನು ಮುಂದೆ ದಾರಿ ಇಲ್ಲ. ಹುಲ್ಲುಗಾವಲಿನಲ್ಲಿ ಇಬ್ಬರೂ ಬೇರೆ ಬೇರೆಯಾಗಿ ನಡೆದೆವು. ಒಬ್ಬರ ಹಿಂದೆ ಒಬ್ಬರು ಹೋದರೆ ಒಣಗಿದ ಹುಲ್ಲು ಅದೇ ಜಾಗದಲ್ಲಿ ಮುರಿಯುತ್ತದೆ, ಮುಂದಿನವರು ಅದನ್ನೇ ಹಿಡಿದು ಬರುತ್ತಾರೆ. ಕಲ್ಲು ಪೇರಿಸಿ ಗುರುತು ಇಡುವುದೂ ಬೇಡ ಅಂತ ನಮ್ಮಿಬ್ಬರಲ್ಲಿ ಮೊದಲಿನಿಂದಲೂ ಒಪ್ಪಂದ.

ಹುಲ್ಲು ಮುಗಿದು ಬಂಡೆರಾಶಿ ಶುರುವಾಯಿತು. ಫ್ರಿಜ್‌ನಷ್ಟು, ಕೆಲವು ಕಾರಿನಷ್ಟು ದೊಡ್ಡ ಬಂಡೆಗಳು. ಒಂದರಿಂದ ಒಂದಕ್ಕೆ ಕಾಲಿಡುತ್ತ ಹೋಗಬೇಕು. ಯಾವುದು ಅಲುಗುತ್ತದೆ, ಯಾವುದು ಇಲ್ಲ ಅಂತ ತಿಳಿಯುವುದಕ್ಕೆ ಕಲ್ಲುಹೂವು ನೋಡುವುದು ನಮ್ಮ ಅಭ್ಯಾಸ. ಹಳದಿ ಹಸಿರು ಬಣ್ಣದ ಒಂದು ಜಾತಿ ಇದೆ, ಕಪ್ಪು ಅಂಚಿನ ತೇಪೆಗಳಾಗಿ ಬಂಡೆಯ ಮೇಲೆ ದೇಶಗಳ ನಕ್ಷೆಯ ಹಾಗೆ ಹರಡುತ್ತದೆ. ವರ್ಷಕ್ಕೆ ಒಂದು ಮಿಲಿಮೀಟರ್ ಕೂಡ ಬೆಳೆಯುವುದಿಲ್ಲ. ಅಂಗೈ ಅಗಲದ ತೇಪೆ ಇದ್ದರೆ ಆ ಮುಖ ನೂರಾರು ವರ್ಷದಿಂದ ಹೀಗೇ ಆಕಾಶ ನೋಡುತ್ತಿದೆ ಅಂತ ಅರ್ಥ. ಬೋಳು ಬಂಡೆ ಕಂಡರೆ ಅದು ಇತ್ತೀಚೆಗೆ ಬಂದ ಅತಿಥಿ, ನಂಬಬೇಡಿ. ಹಾಗಂತ ಇದು ಗ್ಯಾರಂಟಿ ಏನಲ್ಲ. ಪೂರ್ತಿ ಕಲ್ಲುಹೂವು ಹೊದ್ದ ಒಂದು ಬಂಡೆ ನನ್ನ ಕಾಲಡಿ ಉಯ್ಯಾಲೆಯಾಡಿತು.

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಲೆಕ್ಕ ಕೊಟ್ಟಿದ್ದ. ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಕಾಲುದಾರಿಯಲ್ಲಿ ಈಗಲೂ ಹೆಚ್ಚುಕಡಿಮೆ ಸರಿಹೋಗುತ್ತದೆ. ಬಂಡೆರಾಶಿಯಲ್ಲಿ ಒಂದು ಕಿಲೋಮೀಟರಿಗೆ ನಮಗೆ ಒಂದೂವರೆ ಗಂಟೆ ಹಿಡಿಯಿತು.

ಅದರಲ್ಲಿ ಗೆಳೆಯನ ಪಾಲೂ ಇತ್ತು ಅನ್ನಿ. ಹತ್ತು ನಿಮಿಷಕ್ಕೊಮ್ಮೆ ನಿಂತು ಹಿಂದಕ್ಕೆ ತಿರುಗಿ ನೋಡುತ್ತಾನೆ. ಸುಮ್ನೆ ನೋಡುವುದಲ್ಲ. ಫೋಟೋ ತೆಗೆಯುತ್ತಾನೆ, ದಿಕ್ಸೂಚಿ ಹಿಡಿಯುತ್ತಾನೆ, ಚಿಕ್ಕ ಪುಸ್ತಕದಲ್ಲಿ ಏನೋ ಬರೆಯುತ್ತಾನೆ.

"ಬಂದ ದಾರಿ ನೋಡಿ ಏನು ಮಾಡ್ತೀಯ? ನಾವು ಈ ಕಡೆ ವಾಪಸ್ ಬರೋದೇ ಇಲ್ವಲ್ಲ."

"ಬರದಿದ್ರೆ ಒಳ್ಳೇದೇ. ಪುಸ್ತಕದ ಒಂದು ಹಾಳೆ ಹೋಯ್ತು, ಅಷ್ಟೇ."

ಬಂಡೆಗಳ ಸಂದಿಯಿಂದ ಪೀಕಾ ಒಂದು ಕೂಗಿತು. ಮೊಲದ ಬಳಗದ ಪುಟ್ಟ ಪ್ರಾಣಿ, ಒಂದು ಮುಷ್ಟಿಯಷ್ಟು. ಮಾರ್ಮಟ್‌ಗಳೆಲ್ಲ (ಅಳಿಲಿನ ಬಳಗದ ದೊಡ್ಡ ಪ್ರಾಣಿಗಳು) ಆಗಲೇ ಬಿಲ ಸೇರಿ ನಿದ್ದೆಗೆ ಬಿದ್ದಿದ್ದವು. ಪೀಕಾ ಮಾತ್ರ ಚಳಿಗಾಲದಲ್ಲಿ ಮಲಗುವುದಿಲ್ಲ. ಬೇಸಿಗೆಯಿಡೀ ಹುಲ್ಲು ಕೊಯ್ದು ಬಂಡೆಯಡಿ ಬಣವೆ ಹಾಕಿಕೊಂಡಿರುತ್ತದೆ. ಇದರ ಬಣವೆ ಒಂದು ಬುಟ್ಟಿಯಷ್ಟಿತ್ತು. ನಮ್ಮ ಚೀಲದಲ್ಲಿ ಉಳಿದದ್ದು ಎರಡೂವರೆ ದಿನದ ಊಟ.

ತಗ್ಗು ದಾಟಿ ಒಳ ಕಣಿವೆಗೆ ಇಳಿಯುವಾಗ ಸಂಜೆ ನಾಲ್ಕು. ಕೆಳಗೆ ಮ್ಯಾಪಿನಲ್ಲಿ ಹೆಸರೇ ಇಲ್ಲದ ಒಂದು ಸರೋವರ. ಅಂಚಿನಲ್ಲಿ ತೆಳುವಾಗಿ ಮಂಜುಗಡ್ಡೆ ಕಟ್ಟಿತ್ತು. ಸಣ್ಣ ಕಲ್ಲೊಂದನ್ನು ಅದರ ಮೇಲೆ ಜಾರಿಸಿ ಎಸೆದರೆ ಹಕ್ಕಿ ಚಿಲಿಪಿಲಿ ಅಂದ ಹಾಗೆ ಸದ್ದು ಬರುತ್ತಿತ್ತು. ಕತ್ತಲಾಗುವವರೆಗೆ ಇಬ್ಬರೂ ಹುಡುಗರ ಹಾಗೆ ಅದೇ ಆಟ ಆಡಿದೆವು.

ಮೂರನೇ ದಿನ

ಏಳೂವರೆಗೆ ಹೊರಟೆವು. ಹನ್ನೊಂದೂಕಾಲಿಗೆ ಬೆಟ್ಟದ ಬೆನ್ನ ಮೇಲಿದ್ದೆವು. ಗಾಳಿ ಜೋರಾಗಿತ್ತು, ಆಕಾಶ ಮಾತ್ರ ತೊಳೆದಿಟ್ಟ ಹಾಗಿತ್ತು. ಪಶ್ಚಿಮದಲ್ಲಿ ತೆಳು ಮೋಡ ಎಳೆ ಎಳೆಯಾಗಿ ಬರುತ್ತಿತ್ತು. ಗೆಳೆಯ ಅದನ್ನು ಎರಡು ಸಲ ತೋರಿಸಿದ. ನಾಳೆ ಮಧ್ಯಾಹ್ನದ ಹೊತ್ತಿಗೆ ಕಾರಿನಲ್ಲಿರುತ್ತೇವೆ ಅಂದೆ.

ಕೊರಕಲಿನ ತಲೆ 2910 ಮೀಟರ್. ಅಲ್ಲಿ ನಿಂತು ಬಗ್ಗಿ ನೋಡಿದರೆ ಜಲ್ಲಿಯ ಇಳಿಜಾರು ಸಲೀಸಾಗಿ ಕೆಳಗೆ ಹೋಗಿ, ಒಂದು ತಿರುವಿನಲ್ಲಿ ಮರೆಯಾಗುತ್ತಿತ್ತು. ದೂರದ ಕಣಿವೆಯಲ್ಲಿ ನಾವು ಸೇರಬೇಕಾದ ಕಾಲುದಾರಿಯ ಬಿಳಿ ಎಳೆಯೂ ಕಾಣುತ್ತಿತ್ತು. ಇನ್ನೇನು ಬೇಕು? ಮಧ್ಯಾಹ್ನ ಎರಡರೊಳಗೆ ಕೊರಕಲಿನ ಬುಡ ಮುಟ್ಟದಿದ್ದರೆ ಎಲ್ಲಿದ್ದೇವೋ ಅಲ್ಲಿಂದ ವಾಪಸ್ ಅಂತ ಗೆಳೆಯ ಷರತ್ತು ಹಾಕಿದ. ಆಯ್ತಪ್ಪ ಅಂದೆ.

ಜಲ್ಲಿಯಲ್ಲಿ ಇಳಿಯುವುದು ಅಂದರೆ ಅರ್ಧ ನಡಿಗೆ, ಅರ್ಧ ಜಾರುವಿಕೆ. ಹಿಮ್ಮಡಿ ಊರಿದರೆ ನೆಲವೇ ನಮ್ಮನ್ನು ಹೊತ್ತುಕೊಂಡು ಒಂದು ಮೀಟರ್ ಇಳಿಸುತ್ತದೆ. ಒಬ್ಬರ ಮೇಲೊಬ್ಬರು ಕಲ್ಲು ಉರುಳಿಸಬಾರದು ಅಂತ ಓರೆಯಾಗಿ, ಅಕ್ಕಪಕ್ಕ ಇಳಿದೆವು. ಕೆಳಗೆ ಹೋದ ಹಾಗೆ ಜಲ್ಲಿ ತೆಳುವಾಗಿ ಅಡಿಯ ಬಂಡೆ ಕಾಣತೊಡಗಿತು. ಬಂಡೆಯ ಮೇಲೆ ನೀರು ಜಿನುಗಿ ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ಕಣ್ಣಿಗೆ ಕಾಣುವುದಿಲ್ಲ, ಒದ್ದೆ ಕಲ್ಲು ಅನಿಸುತ್ತದೆ. ಕಾಲಿಟ್ಟಾಗಲೇ ಗೊತ್ತಾಗುವುದು.

ತಿರುವು ದಾಟಿದೆವು. ಆಗ ಮಧ್ಯಾಹ್ನ ಎರಡು ಗಂಟೆ ಹತ್ತು ನಿಮಿಷ. ಕೊರಕಲು ಅಲ್ಲಿಗೆ ನಿಂತುಹೋಗಿತ್ತು.

ಮುಂದೆ ಒಂದು ಅಂಚು. ಅದರ ಕೆಳಗೆ, ಸುಮಾರು ಎರಡೂವರೆ ಮೀಟರ್ ಆಳದಲ್ಲಿ, ಮಂಚದಷ್ಟು ಅಗಲದ ಒಂದು ಕಟ್ಟೆ. ಅದರಾಚೆ ಏನಿದೆ ಅಂತ ಕಾಣುತ್ತಿರಲಿಲ್ಲ. ಕೆಳಗಿನ ಕಣಿವೆ ಮಾತ್ರ ಕೈಗೆ ಸಿಗುವಷ್ಟು ಹತ್ತಿರ ಅನಿಸುತ್ತಿತ್ತು.

ಮ್ಯಾಪ್ ತೆಗೆದೆ. ಅದರಲ್ಲಿ ಗೋಡೆಯ ಗುರುತು ಏನೂ ಇಲ್ಲ. 20 ಮೀಟರಿಗೊಂದು ಕಾಂಟೂರ್ ಗೆರೆ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ), ಎಲ್ಲವೂ ಒಂದೇ ಅಂತರದಲ್ಲಿ ಸಾಲಾಗಿ. ಆಗ ಹೊಳೆಯಿತು. ಗೆರೆ 2700ಕ್ಕೆ ಒಂದು, 2680ಕ್ಕೆ ಒಂದು. ನಡುವಿನ 20 ಮೀಟರ್ ನುಣ್ಣಗೆ ಇಳಿದಿದೆಯೋ, ಅಥವಾ ಐದು ಮೀಟರ್ ಇಳಿದು ಉಳಿದ 15 ಮೀಟರ್ ಒಂದೇ ಗೋಡೆಯಾಗಿ ನಿಂತಿದೆಯೋ, ಗೆರೆ ಹೇಳುವುದಿಲ್ಲ. ಅದು ಹೇಳಬೇಕಾದದ್ದೂ ಅಲ್ಲ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಬೇರೆಯವರಿಗೆ ಹೇಳಿಕೊಟ್ಟಿದ್ದೇನೆ ಕೂಡ. ಉಪಗ್ರಹ ಚಿತ್ರದ ಕಪ್ಪು ಪಟ್ಟಿ ಕಣ್ಣಮುಂದೆ ಬಂತು. ಆಗಲೂ ಬಾಯಿ ಬಿಡಲಿಲ್ಲ.

"ಕಟ್ಟೆಗೆ ಇಳಿಯೋಣ. ಚೀಲ ಮೊದಲು ಇಳಿಸಿ, ಕೈ ಹಿಡಿದು ಜೋತುಬಿದ್ರೆ ಒಂದು ಅಡಿ ಹಾರಬೇಕಾಗುತ್ತೆ ಅಷ್ಟೇ" ಅಂದೆ.

"ಹಾರಿದ ಮೇಲೆ?"

"ಅಲ್ಲಿಂದ ಮುಂದೆ ನೋಡೋಣ."

"ಅಲ್ಲಿಂದ ಮೇಲೆ ಹತ್ತಕ್ಕಾಗುತ್ತಾ?"

ನಾನು ಸುಮ್ಮನಿದ್ದೆ. ಕಲ್ಲಿನ ಮುಖ ನುಣುಪಾಗಿತ್ತು, ಬಲಗಡೆ ಗಾಜಿನಂಥ ಮಂಜುಗಡ್ಡೆ. ಹಗ್ಗ ತಂದಿರಲಿಲ್ಲ.

"ವಾಪಸ್ ಹತ್ತಕ್ಕಾಗದ ಕಡೆ ನಾನು ಇಳಿಯಲ್ಲ ಕಣೋ."

"ಇನ್ನೇನು ಕೆಳಗೆ ಬಂದೇಬಿಟ್ಟಿದ್ದೀವಿ. ಈಗ ಮತ್ತೆ ಮೇಲೆ ಹತ್ತೋದಾ? ಮಾರಾಯ, ನಿನಗೆ ಎಲ್ಲದಕ್ಕೂ ಹೆದರಿಕೆ."

ಆ ಮಾತು ಆಡಬಾರದಿತ್ತು. ಅವನು ಏನೂ ಹೇಳಲಿಲ್ಲ. ಗಡಿಯಾರ ತೋರಿಸಿದ, ಚೀಲ ಏರಿಸಿಕೊಂಡ, ತಿರುಗಿ ಹತ್ತಲು ಶುರುಮಾಡಿದ. ಒಬ್ಬನೇ ಅಲ್ಲಿ ನಿಂತು ಏನು ಮಾಡಲಿ? ಒಂದೆರಡು ನಿಮಿಷ ಕಟ್ಟೆಯನ್ನೇ ನೋಡಿ ಹಿಂದೆ ಹೊರಟೆ.

ನೈಸ್ಮಿತ್ ಲೆಕ್ಕದಲ್ಲಿ 210 ಮೀಟರ್ ಏರಿಗೆ ಇಪ್ಪತ್ತೊಂದು ನಿಮಿಷ ಜಾಸ್ತಿ ಬೇಕು. ಜಲ್ಲಿಯಲ್ಲಿ ಎರಡು ಹೆಜ್ಜೆ ಮೇಲೆ ಇಟ್ಟರೆ ಒಂದು ಹೆಜ್ಜೆ ಕೆಳಗೆ. ಒಂದೂವರೆ ಗಂಟೆ ಹಿಡಿಯಿತು. ಅರ್ಧದಲ್ಲಿ ಗಟ್ಟಿ ಬಂಡೆ ಹುಡುಕಿಕೊಂಡು ಎಡಕ್ಕೆ ಸರಿದಿದ್ದೆವು. ಅಲ್ಲಿಂದ ಕೊರಕಲಿನ ಕೆಳಭಾಗ ಪಕ್ಕದಿಂದ ಕಾಣುತ್ತಿತ್ತು. ಕಟ್ಟೆ ಕಂಡಿತು. ಕಟ್ಟೆಯ ಕೆಳಗೆ ಕಪ್ಪನೆಯ ಗೋಡೆ, ನೇರ, ನಾಲ್ಕಂತಸ್ತಿನ ಕಟ್ಟಡದಷ್ಟು. ಮೇಲಿಂದ ಕೆಳಗಿನವರೆಗೆ ಮಂಜುಗಡ್ಡೆಯ ಜಡೆ ಇಳಿಬಿದ್ದಿತ್ತು. ಇಬ್ಬರೂ ನೋಡಿದೆವು. ಇಬ್ಬರೂ ಮಾತಾಡಲಿಲ್ಲ.

ಮೇಲೆ ಬಂದಾಗ ಸೂರ್ಯ ಬೆಟ್ಟದ ಅಂಚಿಗೆ ತಾಗಿದ್ದ. ಕತ್ತಲಲ್ಲಿ ಬಂಡೆರಾಶಿ ಇಳಿಯುವ ಹುಚ್ಚು ಬೇಡ ಅಂತ ಅಲ್ಲೇ, ಒಂದು ದೊಡ್ಡ ಬಂಡೆಯ ಮರೆಯಲ್ಲಿ ಟೆಂಟ್ ಸಿಕ್ಕಿಸಿದೆವು. ಮೊಳೆ ಇಳಿಯಲಿಲ್ಲ, ಟೆಂಟಿನ ಹಗ್ಗಗಳನ್ನೆಲ್ಲ ಕಲ್ಲಿಗೆ ಕಟ್ಟಿದೆವು. ಎತ್ತರ ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಚಳಿ ಹೆಚ್ಚುತ್ತದೆ ಅಂತ ಪುಸ್ತಕದ ಲೆಕ್ಕ. ಗಾಳಿಯ ಲೆಕ್ಕ ಅದರಲ್ಲಿಲ್ಲ. ಎಂಟು ಗಂಟೆಗೆ ಥರ್ಮಾಮೀಟರ್ ಮೈನಸ್ 9 ತೋರಿಸಿತು.

ನೀರು ಒಂದೂವರೆ ಲೀಟರ್ ಉಳಿದಿತ್ತು. ಇನ್ನಷ್ಟು ಬೇಕೆಂದರೆ ಬಂಡೆ ಸಂದಿಯ ಹಳೇ ಹಿಮ ಕರಗಿಸಬೇಕು. ಗ್ಯಾಸ್ ಒಲೆ ಹಚ್ಚಿದರೆ ನೀಲಿ ಜ್ವಾಲೆ ಹೆಸರುಕಾಳಿನಷ್ಟಾಗಿ, ಅಲ್ಲೇ ನಡುಗುತ್ತ ನಿಂತಿತು. ಕ್ಯಾನ್ ಅಲುಗಿಸಿದರೆ ಒಳಗೆ ದ್ರವ ಕುಲುಕುತ್ತಿತ್ತು, ಅರ್ಧದಷ್ಟಿತ್ತು. ಇದ್ದರೂ ಬರುತ್ತಿಲ್ಲ. ಕಾರಣ ಇಷ್ಟೇ. ಬ್ಯೂಟೇನ್ ಸೊನ್ನೆ ಡಿಗ್ರಿಗಿಂತ ಕೆಳಗೆ ಆವಿಯಾಗುವುದೇ ಇಲ್ಲ ಅನ್ನಬಹುದು. ಪ್ರೊಪೇನ್ ಮೈನಸ್ 42ರವರೆಗೂ ಆವಿಯಾಗುತ್ತದೆ. ಕ್ಯಾನಿನಲ್ಲಿ ಇಂಥವನ್ನು ಬೆರೆಸಿರುತ್ತಾರೆ. ಮೊದಲ ಎರಡು ದಿನ ಪ್ರೊಪೇನ್ ಹೆಚ್ಚುಹೆಚ್ಚಾಗಿ ಉರಿದು ಹೋಗಿರುತ್ತದೆ. ಚಳಿ ಕಚ್ಚುವ ರಾತ್ರಿಗೆ ಉಳಿಯುವುದು ಸೋಮಾರಿಗಳು.

ಗೆಳೆಯ ಕ್ಯಾನನ್ನು ಹೊಟ್ಟೆಗೆ ಅವುಚಿಕೊಂಡು ಹತ್ತು ನಿಮಿಷ ಸ್ಲೀಪಿಂಗ್ ಬ್ಯಾಗ್ ಒಳಗೆ ಕೂತ. ಆಮೇಲೆ ತಟ್ಟೆಯಲ್ಲಿ ಎರಡು ಬೆರಳು ನೀರು ಹಾಕಿ ಕ್ಯಾನನ್ನು ಅದರಲ್ಲಿ ಇಟ್ಟ. ಹೆಪ್ಪುಗಟ್ಟದ ನೀರು ಅಂದರೆ ಸೊನ್ನೆಗಿಂತ ಮೇಲೆ ತಾನೇ, ಆ ಗಾಳಿಗಿಂತ ಎಷ್ಟೋ ಬೆಚ್ಚಗೆ. ಜ್ವಾಲೆ ಮೇಲೆದ್ದಿತು. ಹಿಮ ಕರಗಿತು. ನೀರಿನ ಫಿಲ್ಟರನ್ನು ಅವನು ಸಂಜೆಯೇ ಒಳ ಅಂಗಿಯ ಜೇಬಿಗೆ ಹಾಕಿಕೊಂಡಿದ್ದ. ಒಳಗಿನ ನೀರು ಒಮ್ಮೆ ಹೆಪ್ಪುಗಟ್ಟಿದರೆ ಅದರ ಕೂದಲೆಳೆ ಕೊಳವೆಗಳು ಸೀಳುತ್ತವೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ನನ್ನ ಫಿಲ್ಟರ್ ಚೀಲದ ಹೊರಜೇಬಿನಲ್ಲಿ ಕಲ್ಲಾಗಿತ್ತು.

ಬಿಸಿನೀರಿನ ಲೋಟ ನನ್ನ ಕೈಗೆ ಕೊಟ್ಟ. ಆಗ ಕಪ್ಪು ಪಟ್ಟಿಯ ವಿಷಯ ಹೇಳಿದೆ.

"ಮನೇಲೇ ನೋಡಿದ್ದೆಯಾ?"

"ನೋಡಿದ್ದೆ. ನೆರಳು ಅಂದುಕೊಂಡೆ."

ಸ್ವಲ್ಪ ಹೊತ್ತು ಟೆಂಟಿನ ಬಟ್ಟೆ ಪಟಪಟ ಅನ್ನುವುದೊಂದೇ ಸದ್ದು. "ಮುಂದಿನ ಸಲ ನೆರಳನ್ನೂ ತೋರಿಸು" ಅಂದ. ಅತ್ತ ತಿರುಗಿ ಮಲಗಿದ.

ನಾಲ್ಕನೇ ದಿನ

ಬೆಳಿಗ್ಗೆ ಆ ಎಳೆ ಎಳೆ ಮೋಡ ನಮ್ಮ ಮೇಲೇ ಕೂತಿತ್ತು. ಒಣ ಹಿಮ, ಉಪ್ಪಿನ ಹರಳಿನ ಹಾಗೆ, ಅಡ್ಡಡ್ಡ ಹಾರುತ್ತಿತ್ತು. ಬಂಡೆಗಳ ಮೇಲೆ ಎರಡು ಬೆರಳು ದಪ್ಪ ಕೂತಿತ್ತು. ಕಲ್ಲುಹೂವು ನೋಡಿ ಕಾಲಿಡುವ ನನ್ನ ಜಾಣತನ ಅಲ್ಲಿಗೆ ಮುಗಿಯಿತು. ಎಲ್ಲ ಬಂಡೆಯೂ ಒಂದೇ ಬಿಳಿ.

ಉಪಗ್ರಹ ಸಂದೇಶದ ಯಂತ್ರದಿಂದ ಮನೆಗೆ "ತಡ, ಹಳೇ ದಾರಿಯಲ್ಲೇ ವಾಪಸ್, ಇಬ್ಬರೂ ಆರಾಮ" ಅಂತ ಕಳಿಸಿದೆವು. ನನ್ನ ಫೋನ್ ಚಳಿಗೆ ಸತ್ತಿತ್ತು. ಒಳ ಕಣಿವೆ ದಾಟಿ ಎರಡನೇ ದಿನದ ತಗ್ಗಿನ ಕಡೆ ಏರುವಾಗ ಐವತ್ತು ಮೀಟರ್ ಮುಂದಿರುವುದೂ ಕಾಣುತ್ತಿರಲಿಲ್ಲ. ಮ್ಯಾಪಿನಲ್ಲಿ ಅಗಲವಾಗಿ ಕಾಣುವ ಆ ತಗ್ಗಿನಲ್ಲಿ ನಡೆಯಲು ಸರಿಯಾದ ಜಾಗ ಒಂದೇ, ಒಂದು ಬಾಗಿಲಿನಷ್ಟು. ಬರುವಾಗ ಸುಲಭವಾಗಿ ಸಿಕ್ಕಿದ್ದರಿಂದ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಗೆಳೆಯ ಪುಸ್ತಕ ತೆಗೆದ. ದಿಕ್ಸೂಚಿಯಲ್ಲಿ ಹೋಗುವಾಗಿನ ಕೋನಕ್ಕೆ 180 ಡಿಗ್ರಿ ಸೇರಿಸಿದರೆ, ಅದು ಆಗಲೇ 180 ದಾಟಿದ್ದರೆ ಅಷ್ಟು ಕಳೆದರೆ, ವಾಪಸ್ ಬರುವ ಕೋನ. ಅವನು ಅದನ್ನೂ ಅಲ್ಲೇ ನಿಂತು ಲೆಕ್ಕ ಹಾಕಿ ಬರೆದಿಟ್ಟಿದ್ದ. ಪಕ್ಕದಲ್ಲಿ ಒಂದು ಗೀಚು ಚಿತ್ರ. ಎರಡು ತಲೆಯ ಬಂಡೆ, ಅದರ ಎಡಕ್ಕೆ ಬಾಣದ ಗುರುತು. ಆ ಕಡೆಯಿಂದ ಬರುವಾಗ ಅದು ಒಂದೇ ಗುಂಡು ಬಂಡೆಯ ಹಾಗೆ ಕಂಡಿತ್ತು ಅಂತ ನನ್ನ ನೆನಪು. ಹಿಂದಿನಿಂದ ನೋಡಿದರೆ ಮಾತ್ರ ಎರಡು ತಲೆ.

ನಾನು ದಿಕ್ಸೂಚಿ ಹಿಡಿದು ಹಿಂದೆ ನಿಂತು "ಎಡಕ್ಕೆ, ಇನ್ನೂ ಎಡಕ್ಕೆ" ಅನ್ನುವುದು, ಅವನು ಕಾಣುವಷ್ಟು ದೂರ ಹೋಗಿ ನಿಲ್ಲುವುದು, ನಾನು ಅವನ ಹತ್ತಿರ ಹೋಗುವುದು. ಮತ್ತೆ ಶುರು. ಹೀಗೆ ಎಷ್ಟು ಸಲವೋ. ಒಂದು ಸಲ ನಿಂತವನು ಕೋಲು ಎತ್ತಿ ಅಲ್ಲಾಡಿಸಿದ. ಅವನ ಹಿಂದೆ ಬಿಳಿ ಮಬ್ಬಿನಲ್ಲಿ ಬೂದು ಬಣ್ಣದ ಎರಡು ತಲೆ.

ಆಮೇಲಿನದು ಬರೀ ನಡಿಗೆ. ಬಂಡೆರಾಶಿಯಲ್ಲಿ ನಾನು ಎರಡು ಸಲ ಬಿದ್ದೆ, ಅವನು ಒಂದು ಸಲ. ಸರೋವರದ ಹತ್ತಿರ ಕಾಲುದಾರಿ ಸಿಕ್ಕಾಗ ಐದು ಗಂಟೆ. ಉಳಿದದ್ದೆಲ್ಲ ಹೆಡ್‌ಲ್ಯಾಂಪ್ ಬೆಳಕಿನಲ್ಲಿ. ಲಾರ್ಚ್ ಮರಗಳು ಈಗ ಪೂರ್ತಿ ಬೋಳು, ದಾರಿಯ ಹಿಮದ ಮೇಲೆ ಹಳದಿ ಸೂಜಿಗಳು ಚೆಲ್ಲಿದ್ದವು.

ಕಾರು ಮುಟ್ಟಿದಾಗ ಒಂಬತ್ತೂಮುಕ್ಕಾಲು. ಹೀಟರ್ ಹಾಕಿ, ಬೂಟು ಬಿಚ್ಚಲೂ ಶಕ್ತಿ ಇಲ್ಲದೆ ಕೂತೆವು. ಗೆಳೆಯ ನನ್ನ ಮ್ಯಾಪ್ ಕೇಳಿದ. ಮೊಣಕಾಲ ಮೇಲೆ ಹರಡಿಕೊಂಡು, ಒಳದೀಪದ ಕೆಳಗೆ ಆ ಕೊರಕಲು ಹುಡುಕಿದ. 2700ರ ಗೆರೆಗೂ 2680ರ ಗೆರೆಗೂ ನಡುವೆ ಒಂದು ಮಿಲಿಮೀಟರ್ ಜಾಗ. ಪೆನ್ಸಿಲ್ ಮೊನೆಯನ್ನು ಉಗುರಿಗೆ ಉಜ್ಜಿ ಚೂಪು ಮಾಡಿಕೊಂಡು, ಉಸಿರು ಬಿಗಿಹಿಡಿದು ಅಡ್ಡ ಒಂದು ಗೀರು ಎಳೆದ.

"ದಪ್ಪ ಆಯ್ತು, ಎರಡು ಗೆರೇನೂ ಮುಚ್ಚಿಹೋಯ್ತು" ಅಂದ.

"ಇರಲಿ ಬಿಡು" ಅಂದು ಕಾರು ಸ್ಟಾರ್ಟ್ ಮಾಡಿದೆ.